10 ಮೀಟರ್ ಪಿಸಿಪಿ ರೈಫಲ್: ವೇಗ ಇಳಿದಿದೆ, ಹ್ಯಾಮರ್ ಸ್ಕ್ರೂ ಎಷ್ಟು ಸುತ್ತು ತಿರುಗಿಸಬೇಕು?

ಕ್ಲಬ್_ರೈಫಲ್
ಕ್ಲಬ್ಬಿನ ಹಳೆಯ ಮ್ಯಾಚ್ ರೈಫಲ್ ಒಂದರ ಬಗ್ಗೆ ಸಲಹೆ ಬೇಕು. 4.5 ಮಿ.ಮೀ., 200 ಬಾರ್ ಸಿಲಿಂಡರ್, ರೆಗ್ಯುಲೇಟರ್ ಇರುವ ಪಿಸಿಪಿ, ಅಂದರೆ ಮೊದಲೇ ತುಂಬಿಟ್ಟ ಒತ್ತಡದ ಗಾಳಿಯಿಂದ ಹೊಡೆಯುವಂಥದ್ದು. ಪೆಲೆಟ್ 0.53 ಗ್ರಾಂ. ಕ್ರೋನೋದಲ್ಲಿ (ವೇಗ ಅಳೆಯುವ ಯಂತ್ರ) ಸರಾಸರಿ 159 ಮೀ/ಸೆ. ಬರುತ್ತಿದೆ. ಅದೇ ಮಾದರಿಯ ಇನ್ನೊಂದು ರೈಫಲ್ 172 ಕೊಡುತ್ತದೆ. ಗ್ರೂಪ್ (ಗುಂಡು ಬಿದ್ದ ಗುರುತುಗಳ ಗುಂಪು) ಅಡ್ಡಕ್ಕೆ ಬಿಗಿಯಾಗಿದೆ, ಮೇಲೆ ಕೆಳಗೆ ಮಾತ್ರ ಉದ್ದ ಹೋಗುತ್ತಿದೆ. ವಾಲ್ವನ್ನು ಬಡಿದು ತೆರೆಯುವ ಹ್ಯಾಮರಿನ ಸ್ಪ್ರಿಂಗ್ ಸ್ಕ್ರೂ ಒಳಕ್ಕೆ ಕೊಟ್ಟರೆ ವೇಗ ಏರುತ್ತದಂತೆ. ಎಷ್ಟು ಸುತ್ತು ಕೊಡಬೇಕು?

ಹತ್ತು_ಪಾಯಿಂಟ್_ಒಂಬತ್ತು
ಸದ್ಯಕ್ಕೆ ಒಂದು ಸುತ್ತೂ ಬೇಡ. ಸರಾಸರಿ ಒಂದನ್ನೇ ಹೇಳಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ರೈಫಲನ್ನು ಹತ್ತು ನಿಮಿಷ ಸುಮ್ಮನೆ ಇಟ್ಟು, ಆಮೇಲೆ ಹತ್ತು ಹೊಡೆತ ಹಾಕಿ, ಬಂದ ಸಂಖ್ಯೆಗಳನ್ನು ಬಂದ ಕ್ರಮದಲ್ಲೇ ಬರೆಯಿರಿ. ರೋಗ ಗೊತ್ತಾಗುವುದು ಆ ಕ್ರಮದಿಂದ. ಸಿಲಿಂಡರ್ ಗೇಜ್ ಎಷ್ಟಿತ್ತು ಅಂತಲೂ ಹಾಕಿ.

ಮೇಲೆ ಕೆಳಗೆ ಯಾಕೆ ಉದ್ದ ಬೀಳುತ್ತದೆ ಅನ್ನುವುದಕ್ಕೆ ಲೆಕ್ಕ ಸುಲಭ. 172ರಲ್ಲಿ ಹೊರಟ ಪೆಲೆಟ್ 10 ಮೀಟರ್ ದಾಟಲು ಸುಮಾರು 0.06 ಸೆಕೆಂಡ್ ಬೇಕು. ಅಷ್ಟರಲ್ಲಿ ಅದು 18 ಮಿ.ಮೀ. ಹತ್ತಿರ ಕೆಳಗಿಳಿದಿರುತ್ತದೆ. ವೇಗದಲ್ಲಿ 1 ಮೀ/ಸೆ. ಹೆಚ್ಚುಕಮ್ಮಿಯಾದರೆ ಗುರಿಪಲಕದಲ್ಲಿ 0.2 ಮಿ.ಮೀ. ವ್ಯತ್ಯಾಸ. ಏರ್ ರೈಫಲ್ ಟಾರ್ಗೆಟ್‌ನಲ್ಲಿ ಒಂದು ರಿಂಗ್ ಅಂದರೆ 2.5 ಮಿ.ಮೀ., ದಶಾಂಶ ಅಂಕದ ಒಂದು ಹೆಜ್ಜೆ (0.1 ಅಂಕ) 0.25 ಮಿ.ಮೀ. ಹಾಗಾಗಿ 158ರಲ್ಲೇ ಸ್ಥಿರವಾಗಿ ಹೊಡೆಯುವ ರೈಫಲ್, 172ರಲ್ಲಿ ಹತ್ತು ಮೀ/ಸೆ. ಆಚೀಚೆ ಓಲಾಡುವ ರೈಫಲ್‌ಗಿಂತ ಎಷ್ಟೋ ಮೇಲು. ವೇಗ ಕಡಿಮೆ ಇದ್ದರೆ ಸೈಟ್ ತಿರುಗಿಸಿ ಸರಿಮಾಡಬಹುದು. ಓಲಾಟಕ್ಕೆ ಸೈಟ್‌ನಲ್ಲಿ ಔಷಧಿ ಇಲ್ಲ.

ಓರಿಂಗ್_ಹುಬ್ಬಳ್ಳಿ
ಸ್ಕ್ರೂ ಮುಟ್ಟೂಕಿಂತ ಮೊದ್ಲ ಬ್ರೀಚ್ ಸೀಲ್ (ಪೆಲೆಟ್ ಹಾಕೂ ಜಾಗದ ರಬ್ಬರ್ ರಿಂಗ್) ನೋಡ್ರೀ. ಟಿಶ್ಯೂ ಪೇಪರಿನ ಒಂದ್ ಸಣ್ಣ ಪಟ್ಟಿ ಹರದು ಬ್ರೀಚ್ ಕೂಡುವ ಸಂದಿ ಮ್ಯಾಲೆ ಇಟ್ಟು ಹೊಡೀರಿ. ಪಟ್ಟಿ ಹಾರಿತು ಅಂದ್ರ ಗಾಳಿ ಹಿಂದ ಸೋರಾಕತ್ತೈತಿ. ಒಂದ್ ಓ-ರಿಂಗ್ ಹೋಗಿದ್ದಕ್ಕ ಇಡೀ ರೈಫಲ್ ಬಿಚ್ಚಿ ಕುಂತವರು ಭಾಳ ಮಂದಿ ಅದಾರ. ಬದಲಿ ಹಾಕುವಾಗ ಬರೇ ಅಳತಿ ಅಷ್ಟ ನೋಡಬ್ಯಾಡ್ರಿ, ರಬ್ಬರಿನ ಗಟ್ಟಿತನಾನೂ ನೋಡ್ರಿ. ನಲ್ಲಿ ವಾಷರ್ ಮಾರೂ ಅಂಗಡ್ಯಾಗಿನ ಮೆತ್ತನ ರಿಂಗ್ ಎರಡು ಡಬ್ಬಿ ಪೆಲೆಟ್ ಸುದ್ದಾ ತಾಳಂಗಿಲ್ಲ.

ಕ್ಲಬ್_ರೈಫಲ್
ಟಿಶ್ಯೂ ಅಲುಗಲಿಲ್ಲ. ಗೇಜ್ 170 ಬಾರ್. ಹತ್ತು ನಿಮಿಷ ಬಿಟ್ಟು ಹೊಡೆದದ್ದು ಕ್ರಮವಾಗಿ:

166, 161, 159, 158, 158, 157, 158, 157, 158, 157.

ಕೂಡಲೇ ಇನ್ನೊಂದು ಸರಣಿ ಹೊಡೆದರೆ ಎಲ್ಲವೂ 157 ಅಥವಾ 158.

ಹತ್ತು_ಪಾಯಿಂಟ್_ಒಂಬತ್ತು
ಇಷ್ಟು ಸಾಕು. ಇದು ರೆಗ್ಯುಲೇಟರ್ ಕ್ರೀಪ್.

ರೆಗ್ಯುಲೇಟರ್ ಕೆಲಸ ಇಷ್ಟೇ: ಸಿಲಿಂಡರಿನ 170 ಬಾರ್ ಗಾಳಿಯನ್ನು ಇಳಿಸಿ, ವಾಲ್ವ್ ಹಿಂದಿನ ಸಣ್ಣ ಕೋಣೆಗೆ ಪ್ರತಿ ಸಲ ಒಂದೇ ಒತ್ತಡದಲ್ಲಿ ಕೊಡುವುದು. ಒಳಗಿನ ಪಿಸ್ಟನ್ನಿನ ತುದಿ ಸೀಟ್ ಮೇಲೆ ಗಟ್ಟಿಯಾಗಿ ಕೂತರೆ ಒತ್ತಡ ಅಲ್ಲಿಗೇ ನಿಲ್ಲುತ್ತದೆ. ಸೀಟ್ ಸವೆದಿದ್ದರೆ, ಗೀರು ಬಿದ್ದಿದ್ದರೆ, ಒಂದು ಧೂಳಿನ ಕಣ ಸಿಕ್ಕಿಕೊಂಡಿದ್ದರೂ, ಗಾಳಿ ನಿಧಾನಕ್ಕೆ ನುಸುಳುತ್ತಲೇ ಇರುತ್ತದೆ. ಹತ್ತು ನಿಮಿಷ ಬಿಟ್ಟರೆ ಕೋಣೆಯ ಒತ್ತಡ ಏರಿರುತ್ತದೆ, ಮೊದಲ ಹೊಡೆತ 166. ಬೇಗ ಬೇಗ ಹೊಡೆದರೆ ನುಸುಳಲು ಹೊತ್ತಿರುವುದಿಲ್ಲ, 158ಕ್ಕೆ ನಿಲ್ಲುತ್ತದೆ.

ನಿಮ್ಮ 159 ಸರಾಸರಿ ಸುಳ್ಳು ಸರಾಸರಿ. ಮೊದಲ ಮೂರು ಬಿಟ್ಟರೆ ಉಳಿದ ಏಳರ ಸರಾಸರಿ 157.6. ಅದೇ ನಿಜವಾದ ವೇಗ.

ಇನ್ನೊಂದು ವಿಷಯವೂ ಇದರಲ್ಲೇ ಇದೆ. ಒತ್ತಡ ಏರಿದಾಗ ನಿಮ್ಮ ವೇಗವೂ ಏರಿತು. ಅಂದರೆ ಏರಿದ ಒತ್ತಡಕ್ಕೂ ಹ್ಯಾಮರ್ ಸೋಲುತ್ತಿಲ್ಲ. ಮೊದಲ ಹೊಡೆತ 150 ಬಂದು ಆಮೇಲೆ 158ಕ್ಕೆ ಏರಿದ್ದರೆ ಅರ್ಥ ತಿರುಗುಮುರುಗು: ಏರಿದ ಒತ್ತಡ ವಾಲ್ವನ್ನು ಅದುಮಿ ಹಿಡಿದಿದೆ, ಹ್ಯಾಮರ್ ಅದನ್ನು ಸರಿಯಾಗಿ ತೆರೆಯಲಾರದೆ ಸೋಲುತ್ತಿದೆ. ಆ ಸಂದರ್ಭದಲ್ಲಿ ಸ್ಕ್ರೂ ಒಳಕ್ಕೆ ಕೊಡುವುದರಲ್ಲಿ ಅರ್ಥವಿತ್ತು.

ಹೊಸಬ2
ಆದರೆ ಯಾರು ಹತ್ತು ನಿಮಿಷಕ್ಕೊಂದು ಗುಂಡು ಹೊಡೆಯುತ್ತಾರೆ ಸರ್? ಬೇಗ ಹೊಡೆದಾಗ ಸರಿ ಇದೆಯಲ್ಲ?

ಹತ್ತು_ಪಾಯಿಂಟ್_ಒಂಬತ್ತು
ಪಂದ್ಯದಲ್ಲಿ ಎಲೆಕ್ಟ್ರಾನಿಕ್ ಟಾರ್ಗೆಟ್ ಮೇಲೆ 60 ಹೊಡೆತಕ್ಕೆ 75 ನಿಮಿಷ. ಸರಾಸರಿ 75 ಸೆಕೆಂಡಿಗೊಂದು. ಯಾರೂ ಗಡಿಯಾರದಂತೆ ಹೊಡೆಯುವುದಿಲ್ಲ. ಒಂದು 30 ಸೆಕೆಂಡಿಗೆ, ಇನ್ನೊಂದು ಉಸಿರು ಕೂಡದೆ ರೈಫಲ್ ಇಳಿಸಿ ಮೂರು ನಿಮಿಷಕ್ಕೆ. ಕ್ರೀಪ್ ಇರುವ ರೈಫಲ್‌ನಲ್ಲಿ ಆ ಮೂರು ನಿಮಿಷದ ಗುಂಡೇ ಮೇಲೆ ಹೋಗುವುದು, ಶೂಟರ್ ತನ್ನ ಟ್ರಿಗರನ್ನು ಬೈದುಕೊಳ್ಳುವುದು. ಕ್ರೋನೋ ಪರೀಕ್ಷೆಯನ್ನೂ ಪಂದ್ಯದ ಲಯದಲ್ಲೇ ಮಾಡಬೇಕು: ಒಂದು ನಿಮಿಷದ ಅಂತರದಲ್ಲಿ ಹತ್ತು, ಮಧ್ಯೆ ಒಮ್ಮೆ ಐದು ನಿಮಿಷ ಬಿಟ್ಟು ಒಂದು.

ಕಡಲತಡಿ
ಕ್ರೋನೋದ್ದೇ ಒಂದು ಕಥೆ ಉಂಟು ಮಾರಾಯ್ರೆ, ಅದನ್ನು ಮೊದಲು ಇತ್ಯರ್ಥ ಮಾಡಿ. ಬೆಳಕಿನ ನೆರಳು ನೋಡಿ ಅಳೆಯುವ ಮಾದರಿಯಾದರೆ ಟ್ಯೂಬ್‌ಲೈಟ್ ಮತ್ತು ಅಗ್ಗದ ಎಲ್‌ಇಡಿ ಕೆಳಗೆ ಇಡಬೇಡಿ. ನಮ್ಮ ಕರೆಂಟ್ 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ, ಯಂತ್ರ ಅದನ್ನೇ ಪೆಲೆಟ್ ಅಂದುಕೊಳ್ಳುತ್ತದೆ. ನಡುವೆ ಒಮ್ಮೆ 240, ಒಮ್ಮೆ 90 ಅಂತ ತೋರಿಸಿದರೆ ರೈಫಲ್ ತಪ್ಪಲ್ಲ. ಸ್ವಂತ ಇನ್‌ಫ್ರಾರೆಡ್ ದೀಪ ಇರುವ ಮಾದರಿ ಕೋಣೆಯೊಳಗೆ ಒಳ್ಳೆಯದು. ನಳಿಗೆಯ ತುದಿಯಿಂದ ದೂರ ಪ್ರತಿ ಸಲ ಒಂದೇ ಇರಲಿ. ಪೆಲೆಟ್ ಎರಡೂ ಕಿಂಡಿಗಳ ಮೇಲೆ ಸಮಾನಾಂತರವಾಗಿ ಹೋಗಬೇಕು. ಓರೆಯಾಗಿ ಹೋದರೆ ಓದುವ ಸಂಖ್ಯೆಯೂ ಓರೆ. ಹಿಂದೆ ಪೆಲೆಟ್ ಟ್ರ್ಯಾಪ್, ಕಣ್ಣಿಗೆ ಕನ್ನಡಕ. ಇದನ್ನು ಬಿಡಿಸಿ ಹೇಳಬೇಕಿಲ್ಲ ಅಂದುಕೊಂಡಿದ್ದೇನೆ.

ಮತ್ತೆ, ಕರಾವಳಿಯಲ್ಲಿ ರೆಗ್ಯುಲೇಟರ್ ಸೀಟ್ ಹಾಳಾಗುವುದಕ್ಕೆ ಅರ್ಧ ಕಾರಣ ನೀರು. ಕೈಪಂಪಿನಲ್ಲಿ ಜೂನ್-ಜುಲೈ ಗಾಳಿ ತುಂಬಿದರೆ ಸಿಲಿಂಡರಿಗೆ ಹೋಗುವುದು ಗಾಳಿ ಮತ್ತು ಮಳೆಗಾಲ ಎರಡೂ. ಪಂಪಿನ ಒಣಗಿಸುವ ಹರಳು ನೀಲಿಯಿಂದ ಗುಲಾಬಿಗೆ ತಿರುಗಿದ್ದರೆ ಬದಲಿಸಿ ಅಥವಾ ಬಿಸಿ ಮಾಡಿ ಒಣಗಿಸಿ. ಐವತ್ತು-ಅರವತ್ತು ಸಲ ಒತ್ತಿದ ಮೇಲೆ ಬ್ಲೀಡ್ ಸ್ಕ್ರೂ ತೆರೆದು ನೀರು ಬಿಟ್ಟು, ಪಂಪ್ ತಣಿಯಲು ಬಿಡಿ. ತುಂಬಿದ ತಕ್ಷಣ 200 ಇದ್ದ ಗೇಜ್ ಅರ್ಧ ಗಂಟೆಯಲ್ಲಿ ಒಂದಷ್ಟು ಕೆಳಗೆ ಬಂದರೆ ಹೆದರಬೇಡಿ, ಬಿಸಿ ಗಾಳಿ ತಣಿದಿದೆ ಅಷ್ಟೆ. ಮರುದಿನವೂ ಇಳಿಯುತ್ತಿದ್ದರೆ ಮಾತ್ರ ಸೋರಿಕೆ.

ಓರಿಂಗ್_ಹುಬ್ಬಳ್ಳಿ
ಸಿಲಿಂಡರ್ ಮ್ಯಾಲಿನ ತಾರೀಖು ಸುದ್ದಾ ನೋಡ್ರೀ. ಭಾಳಷ್ಟು ತಯಾರಕರು 10 ವರ್ಷದ ಅವಧಿ ಬರದಿರ್ತಾರ. ಅವಧಿ ಮುಗಿದ ಸಿಲಿಂಡರ್ ತಗೊಂಡು ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ನಿಯಮದ ಪಂದ್ಯಕ್ಕ ಹೋದ್ರ ಸಲಕರಣಿ ತಪಾಸಣ್ಯಾಗ ಸಿಕ್ಕೊಂತೀರಿ. ಜವಾಬ್ದಾರಿ ಶೂಟರ್‌ದ. ಪಂದ್ಯದ ಮಾತು ಬಿಡ್ರಿ, 200 ಬಾರ್ ಅಂದ್ರ ಹುಡುಗಾಟಿಕಿ ಅಲ್ಲ.

ಕ್ಲಬ್_ರೈಫಲ್
ಸಿಲಿಂಡರ್ ಹೊಸದು. ಹಾಗಾದರೆ ರೆಗ್ಯುಲೇಟರ್ ಬಿಚ್ಚಬೇಕು. ಕ್ರಮ ಹೇಳಿ. ತಯಾರಕರ ಸೀಲ್ ಕಿಟ್ ಇದೆ.

ಹತ್ತು_ಪಾಯಿಂಟ್_ಒಂಬತ್ತು
ಕಿಟ್ ಇದ್ದರೆ ಅರ್ಧ ಕೆಲಸ ಆದಂತೆ. ಬಿಚ್ಚುವ ಮೊದಲು ಒಂದು ಉಪಯುಕ್ತ ಅಳತೆ ಮಾಡಿಕೊಳ್ಳಿ: ರೆಗ್ಯುಲೇಟರ್ ಈಗ ಎಷ್ಟು ಬಾರ್‌ಗೆ ಕೂತಿದೆ ಅನ್ನುವುದು. ಪ್ರತ್ಯೇಕ ಗೇಜ್ ಬೇಕಿಲ್ಲ. ಸಿಲಿಂಡರ್ ಖಾಲಿಯಾಗುವವರೆಗೂ ಹೊಡೆಯುತ್ತಾ ಹೋಗಿ, ವೇಗ ಸ್ಥಿರತೆ ಬಿಟ್ಟು ಜಾರಲು ಶುರುವಾದಾಗ ಸಿಲಿಂಡರ್ ಗೇಜ್ ಎಷ್ಟಿದೆಯೋ ಅದೇ ರೆಗ್ಯುಲೇಟರಿನ ಒತ್ತಡ, ಸಣ್ಣ ಗೇಜಿನ ತಪ್ಪನ್ನು ಬಿಟ್ಟು. ಮ್ಯಾಚ್ ರೈಫಲ್‌ಗಳಲ್ಲಿ ಇದು 100 ಬಾರ್‌ಗಿಂತ ಕೆಳಗೇ ಇರುತ್ತದೆ.

ಆಮೇಲೆ ಸಿಲಿಂಡರ್ ಕಳಚಿ. ಕಳಚಿದರೂ ರೆಗ್ಯುಲೇಟರ್ ಮತ್ತು ವಾಲ್ವ್ ನಡುವಿನ ಕೋಣೆಯಲ್ಲಿ ಗಾಳಿ ಉಳಿದಿರುತ್ತದೆ. ಸುರಕ್ಷಿತ ದಿಕ್ಕಿಗೆ ಹಿಡಿದು, ಪೆಲೆಟ್ ಇಲ್ಲದೆ, ಸದ್ದು ಪೂರ್ತಿ ಸತ್ತು ಬರೀ ಹ್ಯಾಮರಿನ ಟಕ್ ಕೇಳುವವರೆಗೆ ಟ್ರಿಗರ್ ಎಳೆಯಿರಿ. ಇದಾಗದೆ ಒಂದು ಸ್ಕ್ರೂ ಕೂಡ ಸಡಿಲಿಸಬಾರದು. ಕೆಲವು ಮಾದರಿಗಳಲ್ಲಿ ರೆಗ್ಯುಲೇಟರ್ ಸಿಲಿಂಡರಿನ ಕತ್ತಿನಲ್ಲೇ ಇರುತ್ತದೆ. ನಿಮ್ಮದು ಹಾಗಿದ್ದರೆ ಇಲ್ಲಿಗೇ ನಿಲ್ಲಿಸಿ, ಸರ್ವಿಸ್‌ಗೆ ಕೊಡಿ. ಒತ್ತಡವಿರುವ ಸಿಲಿಂಡರಿನ ತಲೆ ಬಿಚ್ಚುವುದು ಮನೆಯ ಟೇಬಲ್ ಕೆಲಸವಲ್ಲ.

ಒಳಗೆ ಸಿಗುವುದು: ದೇಹ, ಪಿಸ್ಟನ್, ತಟ್ಟೆಯಾಕಾರದ ಬೆಲ್‌ವಿಲ್ ವಾಷರ್‌ಗಳ ಸಾಲು, ದೊಡ್ಡ ಮತ್ತು ಚಿಕ್ಕ ಓ-ರಿಂಗ್, ಸೀಟ್, ಒತ್ತಡ ಹೊಂದಿಸುವ ಸ್ಕ್ರೂ. ವಾಷರ್‌ಗಳು ಯಾವ ದಿಕ್ಕಿಗೆ ಬಾಗಿವೆ ಎಂದು ಫೋನಿನಲ್ಲಿ ಫೋಟೋ ತೆಗೆಯಿರಿ, ಒಂದು ಕಡ್ಡಿಗೆ ಅದೇ ಕ್ರಮದಲ್ಲಿ ಪೋಣಿಸಿಡಿ. ಎದುರುಬದುರು ಕೂರಬೇಕಾದ ಎರಡು ವಾಷರ್ ಒಂದರೊಳಗೊಂದು ಕೂತರೆ ಆ ಜೋಡಿ ಗಟ್ಟಿಯಾಗುತ್ತದೆ, ಬಾಗುವ ದೂರ ಕಡಿಮೆಯಾಗುತ್ತದೆ, ಒತ್ತಡ ಎಲ್ಲೋ ಹೋಗಿ ನಿಲ್ಲುತ್ತದೆ. ಜೋಡಿಸಿದ ಮೇಲೆ "ಏನು ಮಾಡಿದರೂ ಹಳೇ ಒತ್ತಡ ಬರುತ್ತಿಲ್ಲ" ಅನ್ನುವ ಹತ್ತು ದೂರುಗಳಲ್ಲಿ ಹೆಚ್ಚಿನವು ಇದೇ.

ಪಿಸ್ಟನ್ನಿನ ಸೀಲ್ ಆಗುವ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಸಮನಾದ ತೆಳು ಉಂಗುರದ ಗುರುತು ಇದ್ದರೆ ಸರಿ. ಉಂಗುರ ಒಂದು ಕಡೆ ಆಳ, ಒಂದು ಕಡೆ ಮಾಸಲು, ಅಥವಾ ಅಡ್ಡ ಗೀರು ಇದ್ದರೆ ಬದಲಿಸಿ. ಗಾಜಿನ ಮೇಲೆ 2000 ನಂಬರ್ ಸ್ಯಾಂಡ್ ಪೇಪರ್ ಇಟ್ಟು ಉಜ್ಜುತ್ತಾರೆ. ಕಿಟ್ ಸಿಗದಿದ್ದಾಗಿನ ಉಪಾಯ ಅದು. ತುದಿ ಒಂದಿಷ್ಟು ಓರೆಯಾದರೂ ಮೊದಲಿಗಿಂತ ಜಾಸ್ತಿ ಕ್ರೀಪ್.

ಓ-ರಿಂಗ್‌ಗೆ ಸಿಲಿಕೋನ್ ಗ್ರೀಸ್ ಮಾತ್ರ, ಹೊಳಪು ಬರುವಷ್ಟು ತೆಳುವಾಗಿ. ಯಂತ್ರದ ಎಣ್ಣೆ, ಹೊಲಿಗೆ ಮಿಷನ್ ಎಣ್ಣೆ, ಡಬ್ಲ್ಯುಡಿ-40 ಯಾವುದೂ ಹೆಚ್ಚಿನ ಒತ್ತಡದ ಗಾಳಿ ಇರುವ ಜಾಗಕ್ಕೆ ಹೋಗಬಾರದು. ಪೆಟ್ರೋಲಿಯಂ ಎಣ್ಣೆ, ಒತ್ತಿದ ಗಾಳಿ, ಹಠಾತ್ ಬಿಸಿ ಮೂರೂ ಸೇರಿದರೆ ಹೊತ್ತಿಕೊಳ್ಳುತ್ತದೆ. ಇದೇ ಕಾರಣಕ್ಕೆ ಆಮ್ಲಜನಕದ ಸಿಲಿಂಡರಿನಿಂದ ತುಂಬುವ ಯೋಚನೆಯೂ ಯಾರಿಗೂ ಬರಬಾರದು.

ದೇಹದಲ್ಲಿ ಒಂದು ಸಣ್ಣ ತೂತು ಕಾಣುತ್ತದೆ, ವಾಷರ್‌ಗಳಿರುವ ಜಾಗಕ್ಕೆ ಹೊರಗಿನ ಗಾಳಿ ತಾಗಲು. ಅದನ್ನು ಮುಚ್ಚಬೇಡಿ. ಜೋಡಿಸಿ ತುಂಬಿದ ಮೇಲೆ ಅಲ್ಲಿಂದ ಬುಸ್ ಅಂದರೆ ಪಿಸ್ಟನ್ ಓ-ರಿಂಗ್ ಕತ್ತರಿಸಿದೆ ಎಂದೇ ಅರ್ಥ.

ಮ್ಯೂನಿಕ್_ಕನ್ನಡಿಗ
ಒಂದು ಎಚ್ಚರಿಕೆ, ಹೊರದೇಶದಲ್ಲಿ ಓದುತ್ತಿರುವವರಿಗೆ. ಜರ್ಮನಿಯಲ್ಲಿ ಐದು ಕೋನದ ಚೌಕಟ್ಟಿನೊಳಗೆ ಎಫ್ ಅಕ್ಷರ ಇರುವ ರೈಫಲ್‌ಗೆ 7.5 ಜೂಲ್ ಮಿತಿ. 0.53 ಗ್ರಾಂ ಪೆಲೆಟ್ 168ರಲ್ಲಿ 7.48 ಜೂಲ್, 172ರಲ್ಲಿ 7.84. ಅಂದರೆ ಈ ಚರ್ಚೆಯ 172 ಇಲ್ಲಿಯ ಎಫ್ ಗುರುತಿನ ರೈಫಲ್‌ಗೆ ಹೊಂದುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ರೈಫಲ್ ಮಿತಿ 12 ಅಡಿ-ಪೌಂಡ್, ಸುಮಾರು 16.3 ಜೂಲ್. ಮಿತಿ ದಾಟಿದರೆ ಅದು ಪರವಾನಗಿ ಬೇಕಾದ ಆಯುಧ. ಸ್ಕ್ರೂ ತಿರುಗಿಸಿದ್ದು ಯಾರು ಎಂದು ಕಾನೂನು ವಿಚಾರಿಸುವುದಿಲ್ಲ, ನಿಮ್ಮ ಕೈಯಲ್ಲಿ ಏನಿದೆ ಎಂದಷ್ಟೇ ನೋಡುತ್ತದೆ.

ಹೊಸಬ2
ನಮ್ಮಲ್ಲಿ ಎಷ್ಟು? ನನ್ನ ಹತ್ತಿರ ನಳಿಗೆ ಮಡಚಿ ಸ್ಪ್ರಿಂಗ್ ಎಳೆಯುವ ರೈಫಲ್ ಇದೆ. ಹೆವಿ ಸ್ಪ್ರಿಂಗ್ ಹಾಕಿದರೆ ಪವರ್ ಎಷ್ಟು ಏರುತ್ತದೆ? .22 (5.5 ಮಿ.ಮೀ.) ನಳಿಗೆ ಹಾಕಬಹುದೇ?

ಕಡಲತಡಿ
2016ರ ಆಯುಧ ನಿಯಮಗಳ ಪ್ರಕಾರ 20 ಜೂಲ್ ಮೀರಿದರೆ ಅಥವಾ ನಳಿಗೆ 4.5 ಮಿ.ಮೀ.ಗಿಂತ ದೊಡ್ಡದಾದರೆ ಲೈಸೆನ್ಸ್ ಬೇಕು. ಎರಡರಲ್ಲಿ ಒಂದಾದರೂ ಸಾಕು. ಹಾಗಾಗಿ .22 ನಳಿಗೆ ಎಷ್ಟೇ ಮೆತ್ತಗೆ ಹೊಡೆದರೂ ಲೈಸೆನ್ಸ್ ಇಲ್ಲದೆ ಇಲ್ಲ. ಅದನ್ನು ಅಲ್ಲಿಗೇ ಬಿಡಿ.

ಜೂಲ್ ಲೆಕ್ಕ: ಪೆಲೆಟ್ ತೂಕ ಕಿಲೋಗ್ರಾಂನಲ್ಲಿ, ಗುಣಿಸು ವೇಗದ ವರ್ಗ, ಭಾಗಿಸು ಎರಡು. 0.53 ಗ್ರಾಂ ಪೆಲೆಟ್ಟಿಗೆ 20 ಜೂಲ್ ಅಂದರೆ ಸುಮಾರು 275 ಮೀ/ಸೆ. ಕ್ರೋನೋ ಇಲ್ಲದೆ ಡಬ್ಬಿಯ ಮೇಲೆ ಅಚ್ಚಾದ ವೇಗ ನಂಬಬೇಡಿ, ಅದು ಬಹಳ ಸಲ ಹಗುರ ಪೆಲೆಟ್ ಹಾಕಿ ಅಳೆದದ್ದು. ಮಿತಿ ನೋಡುವಾಗ ನೀವು ಬಳಸುವ ಎಲ್ಲ ಪೆಲೆಟ್‌ಗಳಲ್ಲೂ ಅಳೆಯಿರಿ. ಪಿಸಿಪಿಯಲ್ಲಿ ಸಾಮಾನ್ಯವಾಗಿ ಭಾರದ ಪೆಲೆಟ್ ಹೆಚ್ಚು ಜೂಲ್ ಕೊಡುತ್ತದೆ. ಸ್ಪ್ರಿಂಗ್ ರೈಫಲ್‌ನಲ್ಲಿ ಹಗುರ, ಮಧ್ಯಮ ತೂಕದವು.

ಹೆವಿ ಸ್ಪ್ರಿಂಗ್ ಹಾಕಿದರೆ ಹೆಚ್ಚಾಗುವುದು ಒದೆತ. ಪಿಸ್ಟನ್ ವೇಗವಾಗಿ ಬಂದು, ಎದುರಿನ ಗಾಳಿಯ ಮೆತ್ತೆಗೆ ತಾಗಿ ಪುಟಿಯುತ್ತದೆ, ಆ ಶಕ್ತಿ ಪೆಲೆಟ್ಟಿಗೆ ಹೋಗದೆ ನಿಮ್ಮ ಕೆನ್ನೆಗೆ ಬರುತ್ತದೆ. ಸ್ಕೋಪ್ ಸಡಿಲವಾಗುತ್ತದೆ, ಸೀಲ್ ಬೇಗ ಸಾಯುತ್ತದೆ. ಸ್ಪ್ರಿಂಗ್ ರೈಫಲ್ ಶಕ್ತಿ ಕಳೆದುಕೊಂಡಿದ್ದರೆ ನೋಡಬೇಕಾದ್ದು ಬ್ರೀಚ್ ಸೀಲ್, ಪಿಸ್ಟನ್ ಸೀಲ್, ಆಮೇಲೆ ಸ್ಪ್ರಿಂಗ್ ಕುಗ್ಗಿದೆಯೇ ಅನ್ನುವುದು. ಹೊಸ ರೈಫಲ್ ಮೊದಮೊದಲು ಹೊಗೆ ಬಿಟ್ಟು ಪಟಾಕಿಯಂತೆ ಸದ್ದು ಮಾಡುತ್ತ ಹೆಚ್ಚು ವೇಗ ತೋರಿಸಿದರೆ ಅದು ಶಕ್ತಿ ಅಲ್ಲ, ಕಂಪ್ರೆಷನ್ ಕೋಣೆಯಲ್ಲಿ ಎಣ್ಣೆ ಉರಿಯುತ್ತಿರುವುದು. ಕೆಲವು ನೂರು ಪೆಲೆಟ್ ಆದಮೇಲೆ ಅಳೆದ ವೇಗವೇ ನಿಜ. ಪೆಲೆಟ್ ಇಲ್ಲದೆ ಸ್ಪ್ರಿಂಗ್ ರೈಫಲ್ ಹಾರಿಸಬೇಡಿ, ಪಿಸ್ಟನ್‌ಗೆ ಮೆತ್ತೆಯೇ ಇಲ್ಲದೆ ಲೋಹಕ್ಕೆ ಬಡಿಯುತ್ತದೆ. ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಬಿಚ್ಚುವುದಂತೂ ಬೇಡವೇ ಬೇಡ.

ಓರಿಂಗ್_ಹುಬ್ಬಳ್ಳಿ
ಕಡಲತಡಿಯವರ ಮಾತಿಗೆ ಒಂದ್ ಸೇರಸ್ತೀನಿ. ಸ್ಪ್ರಿಂಗ್ ಹಿಂದ ವಾಷರ್ ಇದ್ರ ಒಂದ್ ತಗದು ನೋಡ್ರಿ. ವೇಗ ಸ್ವಲ್ಪ ಇಳೀತೈತಿ, ಗ್ರೂಪ್ ಬಿಗಿ ಆಗ್ತೈತಿ. ಪವರ್ ಕಮ್ಮಿ ಮಾಡಿ ಗುರಿ ಸುಧಾರಿಸೂದು ಯಾರಿಗೂ ಬ್ಯಾಡ!

ಕ್ಲಬ್_ರೈಫಲ್
ರೆಗ್ಯುಲೇಟರ್ ಜೋಡಣೆ ಮುಗಿಯಿತು. ಸೀಟಿನಲ್ಲಿ ಅರ್ಧ ವೃತ್ತದಷ್ಟು ಆಳದ ಗುರುತು ಇತ್ತು, ಬದಲಿಸಿದೆ. ಒತ್ತಡದ ಸ್ಕ್ರೂ ಹಳೆಯ ಗುರುತಿನಲ್ಲೇ. ಈಗ ಒಂದು ನಿಮಿಷದ ಅಂತರದಲ್ಲಿ 160–161, ಹತ್ತು ನಿಮಿಷ ಬಿಟ್ಟರೂ 161. ಕ್ರೀಪ್ ಹೋಗಿದೆ. 172ಕ್ಕೆ ಹೋಗುವುದು ಹೇಗೆ?

ಹತ್ತು_ಪಾಯಿಂಟ್_ಒಂಬತ್ತು
ಈಗ ಹ್ಯಾಮರ್ ಸ್ಕ್ರೂ ಮುಟ್ಟಿ. ಅದು ಎಲ್ಲಿದೆ, ಯಾವ ಅಲೆನ್ ಕೀ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ, ಮ್ಯಾನುಯಲ್ ನೋಡಿ. ಮೊದಲು ಈಗಿನ ಸ್ಥಾನಕ್ಕೆ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ಕಾಲು ಸುತ್ತು ಒಳಕ್ಕೆ, ಎರಡು ಹೊಡೆತ ಲೆಕ್ಕಕ್ಕಿಲ್ಲ, ಆಮೇಲಿನ ಐದರ ಸರಾಸರಿ ಬರೆಯಿರಿ. ಮತ್ತೆ ಕಾಲು ಸುತ್ತು. ಹೀಗೆ, ವೇಗ ಏರುವುದು ನಿಲ್ಲುವವರೆಗೆ. ನಿಂತ ಆ ಜಾಗ ಆ ಒತ್ತಡಕ್ಕೆ ಸಿಗುವ ಗರಿಷ್ಠ. ಅದರಾಚೆ ಸ್ಕ್ರೂ ಕೊಟ್ಟರೆ ವಾಲ್ವ್ ಹೆಚ್ಚು ಹೊತ್ತು ತೆರೆದಿರುತ್ತದೆ, ಪೆಲೆಟ್ ಹೊರಟುಹೋದ ಮೇಲೂ ಗಾಳಿ ಹೋಗುತ್ತದೆ. ಸದ್ದು ಜಾಸ್ತಿ, ಸಿಲಿಂಡರ್ ಬೇಗ ಖಾಲಿ, ವೇಗ ಅಷ್ಟೇ.

ಗರಿಷ್ಠ 172 ದಾಟಿದರೆ ಸ್ಕ್ರೂ ಹಿಂದಕ್ಕೆ ತಂದು 172ಕ್ಕೆ ನಿಲ್ಲಿಸಿ. ದಾಟದಿದ್ದರೆ ಒತ್ತಡ ಏರಿಸದೆ ದಾರಿಯಿಲ್ಲ.

ಕ್ಲಬ್_ರೈಫಲ್
161, 165, 168, 169, 169. ಅಲ್ಲಿಗೆ ನಿಂತಿತು.

ಹತ್ತು_ಪಾಯಿಂಟ್_ಒಂಬತ್ತು
ರೆಗ್ಯುಲೇಟರ್ ಸ್ಕ್ರೂ ಎಂಟನೇ ಒಂದು ಸುತ್ತು ಏರಿಸಿ. ಸಿಲಿಂಡರ್ ಕಳಚಿ, ಕೋಣೆ ಖಾಲಿ ಮಾಡಿಯೇ ತಿರುಗಿಸಿ. ಒತ್ತಡವಿದ್ದಾಗ ತಿರುಗಿಸಿದರೆ ಸೀಟಿಗೆ ಹೊಸ ಗುರುತು ಬೀಳುತ್ತದೆ. ಹ್ಯಾಮರ್ ಸ್ಕ್ರೂ ಈಗಿನ ಗರಿಷ್ಠದಲ್ಲೇ ಇರಲಿ, ಎರಡನ್ನೂ ಒಟ್ಟಿಗೆ ತಿರುಗಿಸಬೇಡಿ. ಹೊಸ ಗರಿಷ್ಠ 176–178 ಬಂದರೆ ಹ್ಯಾಮರ್ ಹಿಂದಕ್ಕೆ ತಂದು 172ಕ್ಕೆ ನಿಲ್ಲಿಸಿ. ಗರಿಷ್ಠದ ಶೇ. 97ರ ಹತ್ತಿರ ನಿಂತ ರೈಫಲ್ ಗಾಳಿಯನ್ನೂ ಉಳಿಸುತ್ತದೆ, ಒತ್ತಡದ ಸಣ್ಣಪುಟ್ಟ ಏರಿಳಿತವನ್ನೂ ನುಂಗಿಕೊಳ್ಳುತ್ತದೆ: ಒತ್ತಡ ಚೂರು ಏರಿದರೆ ವಾಲ್ವ್ ಚೂರು ಕಡಿಮೆ ತೆರೆಯುತ್ತದೆ, ಎರಡೂ ಒಂದನ್ನೊಂದು ಸರಿದೂಗಿಸುತ್ತವೆ.

ಮ್ಯೂನಿಕ್_ಕನ್ನಡಿಗ
ಇಲ್ಲಿ ನನ್ನದೊಂದು ತಕರಾರು. 168–169ರಲ್ಲಿ ಸ್ಥಿರವಾಗಿದ್ದರೆ ಅಲ್ಲೇ ಬಿಡಬಹುದಿತ್ತು. 172ರಲ್ಲಿ ಏನು ವಿಶೇಷ? ಇಲ್ಲಿ 7.5 ಜೂಲ್ ಒಳಗಿನ ವೇಗದಲ್ಲೇ 10.9, ಅಂದರೆ ಒಂದು ಗುಂಡಿಗೆ ಸಿಗುವ ಗರಿಷ್ಠ ಅಂಕ, ಹೊಡೆಯುತ್ತಾರೆ.

ಹತ್ತು_ಪಾಯಿಂಟ್_ಒಂಬತ್ತು
ಒಪ್ಪುತ್ತೇನೆ, 172 ದೇವರ ಸಂಖ್ಯೆಯಲ್ಲ. ಆದರೆ 169 ಈ ರೈಫಲ್‌ಗೆ ಗರಿಷ್ಠದ ತುದಿ, ಅಲ್ಲಿ ಗಾಳಿ ದಂಡ. ಒತ್ತಡ ಏರಿಸದಿದ್ದರೆ ಹ್ಯಾಮರ್ ಇಳಿಸಿ 164ಕ್ಕೆ ನಿಲ್ಲಿಸಬೇಕಾಗುತ್ತಿತ್ತು. ಅದೂ ಸರಿಯೇ. ಕಾರ್ಖಾನೆ ಇಟ್ಟಿದ್ದ ವೇಗಕ್ಕೆ ಮರಳಿಸುವುದು ಇಲ್ಲಿ ಉದ್ದೇಶ ಅಷ್ಟೆ.

ಓರಿಂಗ್_ಹುಬ್ಬಳ್ಳಿ
ಹ್ಯಾಮರ್ ಬಿಚ್ಚಿದ್ರ ಅದಕ್ಕ ಗ್ರೀಸ್ ಬಳಿಬ್ಯಾಡ್ರಿ. ಒರಸಿ ಒಣಾ ಇಡ್ರಿ. ದಪ್ಪ ಗ್ರೀಸ್ ಮುಂಜಾನಿ ಥಂಡಿಗೆ ಗಟ್ಟಿ ಆಗಿ ಹ್ಯಾಮರ್ ನಿಧಾನ ಹೋಗ್ತೈತಿ. ಮುಂಜಾನಿ 165, ಮಧ್ಯಾಹ್ನ 172 ಬಂದ್ರ ಮೊದ್ಲ ಅದನ್ನ ನೋಡ್ರಿ.

ಕ್ಲಬ್_ರೈಫಲ್
ಗರಿಷ್ಠ 177 ಬಂತು, ಹಿಂದಕ್ಕೆ ತಂದು ನಿಲ್ಲಿಸಿದೆ. ಒಂದು ನಿಮಿಷದ ಅಂತರದಲ್ಲಿ ಹತ್ತು: 171.4ರಿಂದ 173.1. ಐದು ನಿಮಿಷ ಬಿಟ್ಟದ್ದು 172.6. ಆದರೆ ಈಗ ಗುಂಡುಗಳೆಲ್ಲ ಮೇಲೆ ಬೀಳುತ್ತಿವೆ.

ಹತ್ತು_ಪಾಯಿಂಟ್_ಒಂಬತ್ತು
ಬೀಳಲೇಬೇಕು. 158ರಿಂದ 172ಕ್ಕೆ ಬಂದರೆ ಪೆಲೆಟ್ ಇಳಿಯುವುದು 3 ಮಿ.ಮೀ.ಗಿಂತ ಸ್ವಲ್ಪ ಹೆಚ್ಚೇ ಕಡಿಮೆಯಾಗುತ್ತದೆ, ಅದರ ಜೊತೆ ನಳಿಗೆ ಜಿಗಿಯುವ ಲೆಕ್ಕವೂ ಬದಲಾಗಿದೆ. ಹಿಂದಿನ ಸೈಟ್ ಕೆಳಕ್ಕೆ ತನ್ನಿ. ಅದಕ್ಕೂ ಮುಂಚೆ ನಳಿಗೆಗೆ ಫೆಲ್ಟ್ ಪೆಲೆಟ್ ಹಾಕಿ ಬ್ರೀಚ್ ಕಡೆಯಿಂದ ಸ್ವಚ್ಛ ಮಾಡಿ, ಹತ್ತು ಪೆಲೆಟ್ ಸುಮ್ಮನೆ ಹೊಡೆದು, ಆಮೇಲೆ ಝೀರೋ ಮಾಡಿ, ಅಂದರೆ ಗುಂಡು ನಡುವಿಗೆ ಬೀಳುವಂತೆ ಸೈಟ್ ಹೊಂದಿಸಿ. ಎರಡೂ ಸ್ಕ್ರೂಗಳ ಮೇಲೆ ನೇಲ್ ಪಾಲಿಶ್ ಒಂದು ಹನಿ ಹಾಕಿ. ಕ್ಲಬ್ಬಿನ ರೈಫಲ್ ಅಲ್ಲವೇ, ನಾಳೆ ಇನ್ಯಾರೋ ಅಲೆನ್ ಕೀ ಹಿಡಿದು ಬರುತ್ತಾರೆ.